ಶಾಲೆಯ ಅಂಗಳದಾಚೆಯ ಮಾತು

ಚಿಕ್ಕೇರೂರಿನಂತಹ ಊರಿನ ವಿದ್ಯಾರ್ಥಿಯೊಬ್ಬನು ರವಿವಾರ ಮನೆಯ ಕಟ್ಟೆಯ ಮೇಲೆ ಕುಳಿತು, ತಂದೆಯ ಮೊಬೈಲಿನಲ್ಲಿ ಮಾಸ್ತರರನ್ನು ಕುರಿತು ಕಟುವಾದ ನಾಲ್ಕು ಮಾತು ಬರೆದು ಹರಿಯಬಿಟ್ಟನೆನ್ನೋಣ. ಸೋಮವಾರ ಅದು ಹೆಡ್‌ಮಾಸ್ತರರ ಮೇಜನ್ನು ಮುಟ್ಟುವುದು. ಅವರು ಹುಡುಗನ ಹೆಸರು ತೆಗೆಯಬೇಕೇ, ಪೋಲೀಸರಿಗೆ ಬರೆಯಬೇಕೇ, ಸುಮ್ಮನಿರಬೇಕೇ?

ಮೊದಲು ನೋಡತಕ್ಕದ್ದು, ಬರೆದದ್ದು ಬೆದರಿಕೆಯೋ ಅಭಿಪ್ರಾಯವೋ ಎಂಬುದನ್ನು. ಇಂಥವರನ್ನು ನಾಳೆ ಹೊಡೆಯುವೆನೆಂದು ಬರೆದಿದ್ದರೆ ಶಾಲೆಯು ಸುಮ್ಮನಿರಲಾಗದು. ಬೆದರಿಕೆಗೆ ಗುರಿಯಾದವರಿಗೆ ತಿಳಿಸಬೇಕು, ತಂದೆತಾಯಿಗಳನ್ನು ಕರೆಯಿಸಬೇಕು, ಅಪಾಯ ನಿಜವೆಂದು ತೋರಿದರೆ ಪೋಲೀಸರಿಗೂ ಹೇಳಬೇಕು. 2023ರ ಡಿಸೆಂಬರ 1ರಂದು ಬೆಂಗಳೂರಿನ ಹತ್ತಾರು ಶಾಲೆಗಳಿಗೆ ಬಾಂಬಿನ ಬೆದರಿಕೆ ಬಂದಾಗ, ಅದು ಹುಸಿಯೆಂದು ತಿಳಿಯುವ ಮೊದಲೇ ಮಕ್ಕಳನ್ನು ಹೊರಗೆ ಕಳುಹಬೇಕಾಯಿತು. ಮಾಸ್ತರರ ಈ ಸಂಕಟವನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೆ ಮಾಸ್ತರರಿಗೆ ಗಣಿತ ಬಾರದೆಂದು ಬರೆದವನೂ, ಸರಕಾರದ ನೀತಿಯನ್ನು ಹಳಿದವನೂ ಬೆದರಿಕೆಯೊಡ್ಡಿದವರಲ್ಲ. ಶಿಕ್ಷಣ ಹಕ್ಕಿನ 2009ರ ಕಾಯದೆಯ 16ನೆಯ ಕಲಮಿನಂತೆ ಎಂಟನೆಯ ಇಯತ್ತೆ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕಲಾಗದು. 17ನೆಯದು ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುವುದು. ಹದಿನೆಂಟು ತುಂಬದವನನ್ನು ಪೋಲೀಸ ಕೋಣೆಯಲ್ಲಿ ಇಡಕೂಡದೆಂದು ಬಾಲನ್ಯಾಯದ 2015ರ ಕಾಯದೆ ಹೇಳುವುದು.

ಈ ವಿವೇಕ ತಪ್ಪಿದರೆ ಏನಾಗುವುದೆಂಬುದನ್ನು ಬೀದರ ತೋರಿಸಿತು. 2020ರ ಜನವರಿಯಲ್ಲಿ ಅಲ್ಲಿಯ ಶಾಹೀನ ಶಾಲೆಯ ಮಕ್ಕಳು ಪೌರತ್ವ ಕಾಯದೆಯನ್ನು ಕುರಿತು ಆಡಿದ ನಾಟಕ ಫೇಸ್‌ಬುಕ್ಕಿನಲ್ಲಿ ಹೊರಬಿದ್ದುದೇ ತಡ, ರಾಜದ್ರೋಹದ ಖಟ್ಲೆ ಹುಟ್ಟಿತು. ಮುಖ್ಯೋಪಾಧ್ಯಾಯಿನಿಯೂ ಒಬ್ಬ ಬಾಲಕಿಯ ತಾಯಿಯೂ ಸೆರೆಗೆ ಹೋದರು. ಸಮವಸ್ತ್ರದ ಪೋಲೀಸರು ಮಕ್ಕಳನ್ನು ಪ್ರಶ್ನಿಸಿದುದನ್ನು ಹೈಕೋರ್ಟು 2021ರಲ್ಲಿ ಆಕ್ಷೇಪಿಸಿತು. 2023ರ ಜೂನಿನಲ್ಲಿ ಕಲಬುರ್ಗಿ ಪೀಠವು ಖಟ್ಲೆಯನ್ನೇ ರದ್ದುಗೊಳಿಸಿತು; ಸರಕಾರದ ನೀತಿಯ ಟೀಕೆಯಿಂದ ಮಕ್ಕಳನ್ನು ದೂರವಿಡಿರೆಂದು ಶಾಲೆಗಳಿಗೆ ಬುದ್ಧಿಯನ್ನೂ ಹೇಳಿತು. ತೀರ್ಪಿಗೆ ನಾವು ತಲೆಬಾಗುವೆವು, ಬುದ್ಧಿವಾದವನ್ನು ಒಪ್ಪೆವು.

1956ರವರೆಗೆ ನಮ್ಮ ಈ ಸೀಮೆಗೂ ನ್ಯಾಯ ಹೇಳುತ್ತಿದ್ದ ಮುಂಬಯಿ ಹೈಕೋರ್ಟು 2025ರ ಮೇ ತಿಂಗಳಲ್ಲಿ ಇನ್ನೂ ನೇರವಾಗಿ ನುಡಿಯಿತು. ಪುಣೆಯ ಇಂಜಿನಿಯರಿಂಗ ಕಾಲೇಜಿನ ಹತ್ತೊಂಬತ್ತು ವರ್ಷದ ಬಾಲೆಯೊಬ್ಬಳು ಭಾರತ-ಪಾಕಿಸ್ತಾನ ಸಂಘರ್ಷವನ್ನು ಕುರಿತ ಬರಹವೊಂದನ್ನು ಮೊಬೈಲಿನಲ್ಲಿ ಹಂಚಿ, ಬೈಗುಳ ಬಂದೊಡನೆ ಅಳಿಸಿ, ಕ್ಷಮೆಯನ್ನೂ ಕೇಳಿದ್ದಳು. ಕಾಲೇಜು ಅವಳ ಮಾತನ್ನು ಕೇಳದೆಯೇ ಹೊರಹಾಕಿತು, ಪೋಲೀಸರು ಬಂಧಿಸಿದರು. ನ್ಯಾಯಾಲಯವು ಜಾಮೀನು ಕೊಟ್ಟು, ಬಹಿಷ್ಕಾರವನ್ನು ತಡೆದು, ಪರೀಕ್ಷೆಗೆ ಕೂಡಿಸಿತು. ಆ ಬರಹ ನಮಗೂ ರುಚಿಸದು. ಆದರೆ ಅಪರಾಧಿಯೆಂದು ಆರೋಪಿಸಲ್ಪಟ್ಟವಳ ಒಂದು ಮಾತನ್ನೂ ಕೇಳದ ವಿದ್ಯಾಸಂಸ್ಥೆ ಯಾವ ವಿದ್ಯೆಯನ್ನು ಕಲಿಸೀತು?

ಅಮೇರಿಕದ ಸರ್ವೋಚ್ಚ ನ್ಯಾಯಾಲಯವೂ 2021ರಲ್ಲಿ, ಶನಿವಾರ ಅಂಗಡಿಯಲ್ಲಿ ನಿಂತು ಶಾಲೆಯನ್ನು ಬೈದು ಬರೆದ ಬಾಲಕಿಯ ಪಕ್ಷವನ್ನೇ ಹಿಡಿಯಿತು. ಬೆದರಿಕೆ, ಪೀಡನೆಗಳಂಥ ಸಂದರ್ಭಗಳಲ್ಲಿ ಶಾಲೆಯ ಕೈ ಹೊರಗೂ ಚಾಚಬಹುದೆಂದಿತು.

ನಮಗಿದು ಹೊಸ ಪಾಠವಲ್ಲ. ಸ್ವದೇಶಿ ಸಭೆಗಳಿಗೆ ಹೋಗುವ ಹುಡುಗರನ್ನು ತಡೆಯದ ಶಾಲೆಗಳ ಗ್ರಾಂಟು ನಿಲ್ಲಿಸುವೆವೆಂದು 1905ರಲ್ಲಿ ಬಂಗಾಲದ ಬ್ರಿಟಿಷ್ ಸರಕಾರ ಹೊರಡಿಸಿದ ಕಾರ್ಲೈಲ ಸುತ್ತೋಲೆಗೆ ದೇಶವು ರಾಷ್ಟ್ರೀಯ ಶಾಲೆಗಳನ್ನು ತೆರೆದು ಉತ್ತರ ಕೊಟ್ಟಿತು.

ಹಿರೇಕೆರೂರು ತಾಲೂಕಿನ ಶಿಕ್ಷಣಾಧಿಕಾರಿಗಳಲ್ಲಿ ನಮ್ಮ ವಿನಂತಿ ಇಷ್ಟೇ: ಬರುವ ಜೂನಿನೊಳಗೆ ಪ್ರತಿ ಶಾಲೆಗೂ ಒಂದು ಹಾಳೆಯ ತಿಳಿವಳಿಕೆ ಮುಟ್ಟಲಿ. ಯಾವುದು ಬೆದರಿಕೆ, ಯಾರು ವಿಚಾರಿಸಬೇಕು, ತಂದೆತಾಯಿಗಳಿಗೆ ಎಷ್ಟು ದಿನದಲ್ಲಿ ತಿಳಿಸಬೇಕು, ಯಾವಾಗ ಪೋಲೀಸರ ಬಾಗಿಲಿಗೆ ಹೋಗಬೇಕು ಎಂಬುದು ಅದರಲ್ಲಿರಲಿ. ಹುಡುಗನ ಹೇಳಿಕೆಗೂ ನಾಲ್ಕು ಸಾಲಿನ ಸ್ಥಳವಿರಲಿ.