ಅಬ್ಬಾ: ನಾಲ್ಕು ದನಿ, ಒಂದು ಟೇಪ್

ಸ್ವೀಡನ್ನಿನ ಪಾಪ್ ತಂಡ ‘ಅಬ್ಬಾ’ದ ನಾಲ್ವರೂ ಒಂದಾಗುವ ಮೊದಲೇ ತಮ್ಮ ನಾಡಿನಲ್ಲಿ ಹೆಸರು ಮಾಡಿದ್ದವರು. ಬ್ಯೋರ್ನ್ ಉಲ್ವಾಯಸ್ ಜಾನಪದ ಶೈಲಿಯ ‘ಹೂಟನ್ಯಾನಿ ಸಿಂಗರ್ಸ್’ನಲ್ಲಿದ್ದರು, ಬೆನ್ನಿ ಆಂಡರ್ಸನ್ ‘ಹೆಪ್ ಸ್ಟಾರ್ಸ್’ ತಂಡದ ಕೀಬೋರ್ಡ್ ವಾದಕ. 1966ರಲ್ಲಿ ಭೇಟಿಯಾದ ಇಬ್ಬರೂ ಕೂಡಿ ಹಾಡು ಕಟ್ಟತೊಡಗಿದರು. ಅಗ್ನೆತಾ ಫಾಲ್ಟ್‌ಸ್ಕೋಗ್ 1968ರಲ್ಲೇ ಜನಪ್ರಿಯ ಗಾಯಕಿ. ನಾರ್ವೆಯಲ್ಲಿ ಹುಟ್ಟಿ ಅಜ್ಜಿಯ ಆಸರೆಯಲ್ಲಿ ಸ್ವೀಡನ್ನಿನಲ್ಲಿ ಬೆಳೆದ ಆನಿ-ಫ್ರಿಡ್ ಲಿಂಗ್‌ಸ್ಟಾಡ್ ಜಾಝ್ ಹಾಡುತ್ತಿದ್ದರು. 1970ರಲ್ಲಿ ಗೋಥೆನ್‌ಬರ್ಗ್‌ನಲ್ಲಿ ನಾಲ್ವರೂ ಸೇರಿ ಕೊಟ್ಟ ಕಾರ್ಯಕ್ರಮಕ್ಕೆ ಜನ ಒಲಿಯಲಿಲ್ಲ. ನಾಲ್ವರ ಹೆಸರಿನ ಮೊದಲಕ್ಷರಗಳನ್ನು ಜೋಡಿಸಿ ‘ಅಬ್ಬಾ’ ಮಾಡಿದವರು ವ್ಯವಸ್ಥಾಪಕ ಸ್ಟಿಗ್ ಆಂಡರ್ಸನ್. ಅದೇ ಹೆಸರಿನ ಮೀನು ಸಂಸ್ಕರಣಾ ಕಂಪನಿಯ ಒಪ್ಪಿಗೆಯೂ ಸಿಕ್ಕಿತು.

ತಂಡಕ್ಕೆ ತನ್ನದೇ ನಾದ ಸಿಕ್ಕಿದ್ದು ರೆಕಾರ್ಡಿಂಗ್ ಎಂಜಿನಿಯರ್ ಮೈಕೆಲ್ ಟ್ರೆಟೋ ಅವರಿಂದ. ಅಮೆರಿಕದ ಸಂಗೀತ ನಿರ್ಮಾಪಕ ಫಿಲ್ ಸ್ಪೆಕ್ಟರ್ ಒಂದೊಂದು ವಾದ್ಯಕ್ಕೆ ಹಲವರನ್ನು ಕೂರಿಸಿ ದಟ್ಟ ನಾದ ತೆಗೆಯುತ್ತಿದ್ದುದನ್ನು ಟ್ರೆಟೋ ಪುಸ್ತಕವೊಂದರಲ್ಲಿ ಓದಿದ್ದರು. ಅಷ್ಟು ವಾದಕರನ್ನು ಕರೆಸುವ ಬದಲು, 1973ರಲ್ಲಿ ‘ರಿಂಗ್ ರಿಂಗ್’ ಹಾಡಿಗೆ ಇದ್ದವರೇ ಎರಡು ಸಲ ನುಡಿಸುವಂತೆ ಮಾಡಿದರು. ಎರಡನೆಯ ಸಲ ನುಡಿಸುವಾಗ ಟೇಪಿನ ವೇಗವನ್ನು ಕೂದಲೆಳೆಯಷ್ಟು ಬದಲಿಸಿದರು. ಎರಡೂ ಕರಾರುವಾಕ್ಕಾಗಿ ಒಂದೇ ಆಗಿದ್ದರೆ ಸದ್ದು ಬರೀ ಜೋರಾಗುತ್ತಿತ್ತು; ಶ್ರುತಿಯಲ್ಲಿ ಉಳಿದ ಸಣ್ಣ ವ್ಯತ್ಯಾಸದಿಂದ ಹತ್ತಾರು ಮಂದಿ ನುಡಿಸಿದಂತೆ ಕೇಳಿಸಿತು. ಇಬ್ಬರು ಗಾಯಕಿಯರ ದನಿಯನ್ನೂ ಹೀಗೆ ಪದರ ಪದರವಾಗಿ ಪೇರಿಸುವುದು ರೂಢಿಯಾಯಿತು.

‘ರಿಂಗ್ ರಿಂಗ್’ ಯೂರೋವಿಷನ್ ಹಾಡಿನ ಸ್ಪರ್ಧೆಗೆ ಸ್ವೀಡನ್ ನಡೆಸಿದ ಆಯ್ಕೆಯಲ್ಲಿ ಮೂರನೆಯದಾಗಿ ನಿಂತಿತು. ಮರುವರ್ಷ, 1974ರ ಏಪ್ರಿಲ್ 6ರಂದು, ಇಂಗ್ಲೆಂಡಿನ ಬ್ರೈಟನ್‌ನಲ್ಲಿ ನಡೆದ ಯೂರೋವಿಷನ್ ಸ್ಪರ್ಧೆಯನ್ನು ‘ವಾಟರ್ಲೂ’ ಗೆದ್ದಿತು. ಹಾಡಿನ ಹೆಸರಿಗೆ ತಕ್ಕಂತೆ ವಾದ್ಯವೃಂದದ ನಿರ್ದೇಶಕ ಅಂದು ನೆಪೋಲಿಯನ್ ವೇಷದಲ್ಲಿ ಬಂದಿದ್ದರು. ಬಳಿಕದ ಹಾಡುಗಳು ಬ್ರಿಟನ್ನಿನಲ್ಲಿ ಮಂಕಾದವು. ಒಂದೇ ಹಾಡಿನ ತಂಡವೆಂಬ ಮಾತೂ ಬಂತು. 1975ರ ‘ಎಸ್‌ಒಎಸ್’ ಆ ಮಾತನ್ನು ಅಳಿಸಿತು. ‘ಡ್ಯಾನ್ಸಿಂಗ್ ಕ್ವೀನ್’ 1977ರಲ್ಲಿ ಅಮೆರಿಕದಲ್ಲೂ ಅಗ್ರಸ್ಥಾನಕ್ಕೇರಿತು.

ತವರಿನಲ್ಲಿ ಮಾತ್ರ ಎಡಪಂಥೀಯ ಸಂಗೀತ ಚಳವಳಿಯವರು ಅಬ್ಬಾದ ಸಂಗೀತವನ್ನು ಬರೀ ವ್ಯಾಪಾರವೆಂದು ಹಳಿದರು. ಆದರೆ ಗಳಿಕೆಯ ಮೇಲಷ್ಟೇ ಕಣ್ಣಿಟ್ಟವರು ಒಂದು ಹಾಡಿಗೆ ಇಷ್ಟು ಬೆವರು ಸುರಿಸುತ್ತಿರಲಿಲ್ಲ. 1978ರಲ್ಲಿ ಸ್ಟಾಕ್‌ಹೋಮ್‌ನ ಹಳೆಯ ಚಿತ್ರಮಂದಿರವೊಂದು ಇವರ ಪೋಲಾರ್ ಸ್ಟುಡಿಯೊ ಆಯಿತು. ರಾಕ್ ತಂಡ ‘ಲೆಡ್ ಜೆಪ್ಲಿನ್’ ಕೂಡ ಅಲ್ಲಿಗೆ ಬಂದು ಆಲ್ಬಂ ಮಾಡಿತು. ಮುಂದಿನ ವರ್ಷಗಳಲ್ಲಿ ತಂಡದೊಳಗಿನ ಎರಡು ದಾಂಪತ್ಯಗಳೂ (ಬ್ಯೋರ್ನ್ ಮತ್ತು ಅಗ್ನೆತಾ, ಬೆನ್ನಿ ಮತ್ತು ಆನಿ-ಫ್ರಿಡ್) ಒಂದಾದ ಮೇಲೊಂದು ಮುರಿದವು. 1982ರ ಕೊನೆಗೆ ತಂಡವೂ ಹಾಡು ನಿಲ್ಲಿಸಿತು. ಸ್ಟಾಕ್‌ಹೋಮ್‌ನಲ್ಲಿ 2013ರಲ್ಲಿ ತೆರೆದ ಅಬ್ಬಾ ವಸ್ತುಸಂಗ್ರಹಾಲಯದಲ್ಲಿ ಆ ಸ್ಟುಡಿಯೊದ ಪ್ರತಿರೂಪವಿದೆ. ಮೂಲ ಸ್ಟುಡಿಯೊ 2004ರಲ್ಲೇ ಬಾಗಿಲು ಮುಚ್ಚಿತ್ತು.