ನಿಮಗಿದು ಗೊತ್ತೇ? ಕಟ್ಟಿಗೆ ಹೊಟ್ಟಿನ ಗುಟ್ಟು

ಸಿಂಧನೂರು, ಲಿಂಗಸುಗೂರು, ಮಸ್ಕಿ ಎಲ್ಲೇ ಹೋಗಿ, ಬಡಿಗೇರ ಶೆಡ್ಡು ಹತ್ತಿರವಾದದ್ದು ಕಟ್ಟಿಗೆ ಹೊಟ್ಟಿನ ವಾಸನೆಯಿಂದ ಮೊದಲು ತಿಳಿಯುವುದು ಮೂಗಿಗೆ. ಆ ಹೊಟ್ಟಿನ ಒಂದಿಷ್ಟು ಸಂಗತಿ ಇಲ್ಲಿದೆ.

● ಬಾಚಿಯಿಂದ ಕೆತ್ತಿದರೆ ಚಕ್ಕೆ, ಉಜ್ಜುಗೊರಡು ಎಳೆದರೆ ಸುರುಳಿ ಸಿಪ್ಪೆ. ಕರಿಜಾಲಿಯಲ್ಲಿ ಬಂಡಿ, ನೊಗ, ಕೂರಿಗೆ ಮಾಡುವಾಗ ಉದುರಿದ್ದೆಲ್ಲ ಒಲೆ ಸೇರುತ್ತಿತ್ತು. ನುಣ್ಣನೆಯ ಪುಡಿಯ ಕಾಟ ಹೆಚ್ಚಿದ್ದು ಕರೆಂಟಿನ ಗರಗಸ, ಸ್ಯಾಂಡಿಂಗ್ ಮಷಿನ್ ಬಂದ ಮೇಲೆ.

● ಕಣ್ಣಿಗೆ ಕಾಣುವ ಹೊಟ್ಟು ಬೇಗ ನೆಲಕ್ಕೆ ಬೀಳುತ್ತದೆ. ಶ್ವಾಸಕೋಶದ ಆಳಕ್ಕಿಳಿಯುವುದು 10 ಮೈಕ್ರಾನಿಗಿಂತ ಸಣ್ಣ ಕಣ. ತಲೆಗೂದಲ ದಪ್ಪವೇ ಸುಮಾರು 70 ಮೈಕ್ರಾನ್! ಮಷಿನ್ ನಿಂತ ಮೇಲೂ ಈ ಸಣ್ಣ ಕಣ ಗಾಳಿಯಲ್ಲಿ ತೇಲುತ್ತಿರುತ್ತದೆ.

● ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1995ರಲ್ಲೇ ಕಟ್ಟಿಗೆ ಧೂಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಇಂಗ್ಲೆಂಡಿನ ಹೈ ವೈಕಂಬ್ ಊರಿನ ಕುರ್ಚಿ-ಮೇಜು ಕೆಲಸಗಾರರಲ್ಲಿ ಮೂಗಿನ ಕ್ಯಾನ್ಸರ್ ಹೆಚ್ಚಿರುವುದು 1960ರ ದಶಕದಲ್ಲೇ ಗೊತ್ತಾಗಿತ್ತು.

● ಧೂಳು ಹೊರಹಾಕುವ ಉಪಾಯ ಕಲಿಯಲು ದೂರ ಹೋಗಬೇಕಿಲ್ಲ. ಸಿಂಧನೂರಿನಂಥ ಭತ್ತದ ಸೀಮೆಯ ಅಕ್ಕಿ ಗಿರಣಿಗಳಲ್ಲಿ ಲಾಳಿಕೆಯಾಕಾರದ ತಗಡಿನ ‘ಸೈಕ್ಲೋನ್’ ಇರುತ್ತದೆ. ಗಾಳಿ ಅದರೊಳಗೆ ಗಿರಗಿರ ಸುತ್ತಿದಾಗ ಭಾರದ ಕಣ ಅಂಚಿಗೆ ಬಡಿದು ಕೆಳಗಿಳಿಯುತ್ತದೆ. ಬಡಿಗೇರ ಶೆಡ್ಡಿಗೂ ಇದೇ ಸೂತ್ರ ನಡೆಯುತ್ತದೆ.

● ಧೂಳೆಳೆಯುವ ಫ್ಯಾನು, ಬಟ್ಟೆಚೀಲ ಶೆಡ್ಡಿನೊಳಗೇ ಇದ್ದರೆ ನುಣ್ಣನೆಯ ಪುಡಿ ಚೀಲದಿಂದ ಜಿನುಗಿ ಮರಳಿ ಮೂಗಿಗೇ ಬರುತ್ತದೆ. ಅವುಗಳ ಜಾಗ ಗೋಡೆಯಾಚೆ. ಆಷಾಢದ ಗಾಳಿ ಪಡುವಣದಿಂದ ಬೀಸುವುದರಿಂದ ಮೂಡಣ ಬದಿ ಒಳ್ಳೆಯದು. ನೆರೆಮನೆಯ ಕಿಟಕಿಯನ್ನೂ ನೋಡಿಕೊಳ್ಳಿ.

● ಗಣಿಗಳಲ್ಲಿ ಕಲ್ಲು ಕೊರೆಯುವಾಗ ಧೂಳು ಏಳದಂತೆ ನೀರು ಬಿಡುತ್ತಾರೆ. ಹಟ್ಟಿ ಚಿನ್ನದ ಗಣಿಯಿರುವ ಲಿಂಗಸುಗೂರು ತಾಲ್ಲೂಕಿನವರಿಗೆ ಇದು ಹೊಸ ಪಾಠವಲ್ಲ. ಶೆಡ್ಡಿನಲ್ಲೂ ಕಸ ಗುಡಿಸುವ ಮುನ್ನ ನೆಲಕ್ಕೆ ನಾಲ್ಕು ಹನಿ ಚಿಮುಕಿಸಿದರೂ ಸಾಕು.

● ರಾಶಿ ಹೊಟ್ಟು ಮೆಲ್ಲಗೆ ಉರಿಯುತ್ತದೆ; ಆದರೆ ಗಾಳಿಗೆದ್ದ ಒಣಪುಡಿ ಒಂದು ಕಿಡಿಗೆ ಸಿಡಿಯಬಲ್ಲದು. 2012ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂರು ತಿಂಗಳ ಅಂತರದಲ್ಲಿ ಎರಡು ಸಾಮಿಲ್ ಸಿಡಿದು ನಾಲ್ವರು ಸತ್ತರು.

● ಅಗಸೆ ಎಣ್ಣೆ ಹೀರಿದ ಹೊಟ್ಟು, ಬಟ್ಟೆ ಗುಡ್ಡೆಯಾಗಿ ಬಿದ್ದರೆ ಬೆಂಕಿಕಡ್ಡಿ ಗೀರದೆಯೂ ತಾನಾಗಿ ಹೊತ್ತಿಕೊಳ್ಳಬಹುದು.

● ಹಿಂದೆ ಬಾಸ್ಟನ್‌ನಿಂದ ಮದ್ರಾಸಿಗೆ ಹಡಗಿನಲ್ಲಿ ಮಂಜುಗಡ್ಡೆ ಬರುತ್ತಿತ್ತು. ತಿಂಗಳುಗಟ್ಟಲೆ ಅದು ಕರಗದಂತೆ ಕಾದದ್ದು ಕಟ್ಟಿಗೆ ಹೊಟ್ಟು.

● ಹಸಿ ಹೊಟ್ಟನ್ನು ನೇರ ಹೊಲಕ್ಕೆ ಬೆರೆಸಿದರೆ ಅದು ಕೊಳೆಯುವಾಗ ಮಣ್ಣಿನ ಸಾರಜನಕ ಎಳೆದುಕೊಳ್ಳುವುದರಿಂದ ಬೆಳೆ ಹಳದಿಯಾಗುತ್ತದೆ. ಸಗಣಿ, ಕೋಳಿಗೊಬ್ಬರ ಸೇರಿಸಿ ತಿಪ್ಪೆಯಲ್ಲಿ ಚೆನ್ನಾಗಿ ಕಳಿತ ಮೇಲೆ ಹಾಕಿ.

● ಪ್ಲೈವುಡ್, ಎಂಡಿಎಫ್ ಪುಡಿಯಲ್ಲಿ ಅಂಟಿನ ರಾಸಾಯನಿಕ ಇರುತ್ತದೆ. ಅದು ಒಲೆಗೂ ಬೇಡ, ತಿಪ್ಪೆಗೂ ಬೇಡ, ದನದ ಕೊಟ್ಟಿಗೆಗಂತೂ ಬೇಡವೇ ಬೇಡ.

ಆದ್ದರಿಂದ ಶೆಡ್ಡಿನಲ್ಲಿ ಎರಡು ಚೀಲ ಇಡಿ: ಅಪ್ಪಟ ಕಟ್ಟಿಗೆಯ ಸಿಪ್ಪೆ-ಹೊಟ್ಟಿಗೆ ಒಂದು, ಪ್ಲೈವುಡ್ ಪುಡಿಗೆ ಇನ್ನೊಂದು.