ಡಿಸ್ಪರ್ಶನ್ ಪೂರ್ತಿ ಶತ್ರು ಏನಲ್ಲ!

ಒಂದೇ ಫೈಬರ್‌ನಲ್ಲಿ ಬೇರೆ ಬೇರೆ ತರಂಗಾಂತರದ ಬೆಳಕನ್ನು ಒಟ್ಟಿಗೆ ಕಳಿಸೋದಕ್ಕೆ ಡಬ್ಲ್ಯೂಡಿಎಂ ಅಂತೀವಿ. ಒಂದೊಂದು ತರಂಗಾಂತರ ಒಂದೊಂದು ಚಾನೆಲ್. ಆದರೆ ಈ ಚಾನೆಲ್‌ಗಳು ತಮ್ಮ ಪಾಡಿಗೆ ತಾವು ಹೋಗಲ್ಲ.

ಬೆಳಕಿನ ತೀವ್ರತೆ ಹೆಚ್ಚಾದರೆ ಗಾಜಿನ ವಕ್ರೀಭವನ ಸೂಚ್ಯಂಕ ಚೂರು ಬದಲಾಗುತ್ತೆ. ಇದೇ ಕೆರ್ ಪರಿಣಾಮ. ಇದರಿಂದ ಚಾನೆಲ್‌ಗಳು ಬೆರೆತು ಹೊಸ ಆವರ್ತನಗಳು ಹುಟ್ಟುತ್ತವೆ. ಹೆಸರು ಫೋರ್ ವೇವ್ ಮಿಕ್ಸಿಂಗ್. 193.1, 193.2, 193.3 ಟೆರಾಹರ್ಟ್ಸ್‌ನಲ್ಲಿ ಮೂರು ಚಾನೆಲ್ ಇವೆ ಅನ್ನಿ. ಲೆಕ್ಕ ಹಾಕೋಣ: 193.2 + 193.2 − 193.1 = 193.3. ಅಂದ್ರೆ ಹೊಸ ಅಲೆ ಮೂರನೇ ಚಾನೆಲ್ ಮೇಲೇ ಬಂದು ಕೂರುತ್ತೆ! ಆವರ್ತನ ಒಂದೇ ಆದ್ದರಿಂದ ಫಿಲ್ಟರ್ ಹಾಕಿ ತೆಗೆಯೋಕೂ ಆಗಲ್ಲ.

ಮಜಾ ಇರೋದು ಮುಂದೆ. ಪಲ್ಸ್ ಹರಡಿಕೊಳ್ಳಬಾರದು ಅಂತ 1550 ನ್ಯಾನೊಮೀಟರ್ ಹತ್ತಿರ ಡಿಸ್ಪರ್ಶನ್ ಸೊನ್ನೆ ಇರುವ ಫೈಬರ್ ತಯಾರಿಸಿದರು. ಜಪಾನಿನಲ್ಲಿ ಅದನ್ನು ತುಂಬಾ ಕಡೆ ಹಾಕಿದರು. ಒಂದೇ ಚಾನೆಲ್ ಇದ್ದಾಗ ಚೆನ್ನಾಗಿತ್ತು. ಡಬ್ಲ್ಯೂಡಿಎಂ ಬಂದಮೇಲೆ ಅದೇ ಮುಳುವಾಯ್ತು. ಡಿಸ್ಪರ್ಶನ್ ಇಲ್ಲದಿದ್ದರೆ ಎಲ್ಲ ಚಾನೆಲ್‌ಗಳೂ ಜೊತೆಜೊತೆಗೇ ಹೆಜ್ಜೆ ಹಾಕುತ್ತವೆ, ಮಿಶ್ರಣ ಕಿಲೋಮೀಟರ್‌ಗಟ್ಟಲೆ ಬೆಳೆಯುತ್ತಲೇ ಹೋಗುತ್ತೆ. ಸ್ವಲ್ಪ ಡಿಸ್ಪರ್ಶನ್ ಇದ್ದರೆ ಆ ಹೆಜ್ಜೆ ತಪ್ಪುತ್ತೆ, ಮಿಶ್ರಣ ಬಲಿಯಲ್ಲ. ಅದಕ್ಕೇ ಆಮೇಲಿನ ಫೈಬರ್‌ಗಳಲ್ಲಿ ಬೇಕಂತಲೇ ಒಂದಿಷ್ಟು ಡಿಸ್ಪರ್ಶನ್ ಉಳಿಸಿದರು.

ಪರೀಕ್ಷೆಯಲ್ಲಿ ಡಿಸ್ಪರ್ಶನ್‌ನ ದೋಷಗಳನ್ನು ಬರೆಯುವಾಗ ಈ ಉಪಕಾರಕ್ಕೂ ಒಂದು ಸಾಲು ಕೊಡೋಣ!